ಬೀಗರ ಮನೆಯ ಕಂದು ಕುದುರೆ

ಕುದುರೆ ಬೆದರಲಿಲ್ಲ. ನನ್ನ ಬೀಗರು ಅದರ ಹಿಂಭಾಗಕ್ಕೆ ಫಟೀರನೆ ಒಂದು ಏಟು ಹಾಕಿದರು, ಅದು ಓಡಿತು, ನಾನು ಬಿದ್ದೆ. ನಡೆದದ್ದು ಇಷ್ಟೇ. ಉಳಿದದ್ದೆಲ್ಲ ಆಮೇಲೆ ಕಟ್ಟಿದ ಕಥೆ.

ಬೀಗರೆಂದರೆ ನನ್ನ ಮಗಳ ಮಾವ. ಚನ್ನಗಿರಿ ತಾಲ್ಲೂಕಿನಲ್ಲಿ, ಬಸವಾಪಟ್ಟಣದಿಂದ ಒಳಕ್ಕೆ ಹೋಗುವ ದಾರಿಯಲ್ಲಿ ಅವರ ಊರು. ತೋಟವೂ ಇದೆ, ಅಡಿಕೆ ವ್ಯಾಪಾರವೂ ಇದೆ. ಎರಡು ವರ್ಷದ ಹಿಂದೆ ಅವರಿಗೆ ಕುದುರೆ ಹುಚ್ಚು ಹಿಡಿಯಿತು. ಎಲ್ಲಿಂದಲೋ ಒಂದು ಕಂದು ಹೆಣ್ಣುಕುದುರೆ ತಂದು ಗೇಟಿನ ಪಕ್ಕ ಕಟ್ಟಿದರು. ಒಂದು ದಿನವೂ ಹತ್ತಲಿಲ್ಲ. ಬೇರೆಯವರು ಮನೆ ಮುಂದೆ ಕಾರು ನಿಲ್ಲಿಸುತ್ತಾರಲ್ಲ, ಹಾಗೆ ಇವರು ಕುದುರೆ ನಿಲ್ಲಿಸಿದ್ದರು.

ಅವತ್ತು ಮೊಮ್ಮಗಳಿಗೆ ಕಿವಿ ಚುಚ್ಚುವ ಶಾಸ್ತ್ರ. ನಾನು ನ್ಯಾಮತಿಯಿಂದ ಹೋಗಿದ್ದೆ, ಜಗಳೂರು ಕಡೆಯಿಂದ ನನ್ನ ತಮ್ಮನೂ ಬಂದಿದ್ದ. ಊಟ ಮುಗಿದ ಮೇಲೆ ಮಗುವನ್ನು ಕುದುರೆ ಮೇಲೆ ಕೂರಿಸಿ ಫೋಟೋ ತೆಗೆಯಬೇಕೆಂದು ಹೊರಟರು. ಮೊದಲೇ ಕಿವಿ ನೋವು, ಮಗು ಕಿರುಚಿಕೊಂಡಿತು. ಆಗ ಬೀಗರು, "ಅಜ್ಜಿ ಮೊದ್ಲು ಕುಂತ್ರೆ ಮಗಾನೂ ಕುಂದರತೈತೆ, ಹತ್ರೀ ಬೀಗಿತ್ತೇರೇ" ಅಂದರು. ನಾನು ಒಲ್ಲೆ ಅಂದೆ. ಇಬ್ಬರು ಬಂದು ನನ್ನನ್ನು ಮೂಟೆ ಎತ್ತಿದ ಹಾಗೆ ಎತ್ತಿ ಕೂರಿಸಿಯೇಬಿಟ್ಟರು. ಎಲ್ಲರೂ ನಗುತ್ತಿದ್ದರು. ಬೀಗರು ಬೀಗಿತ್ತಿಯರ ನಡುವೆ ತಮಾಷೆ ನಡೆಯುವುದುಂಟು, ಹೆಣ್ಣು ಕೊಟ್ಟವಳು ತಡೆದುಕೊಳ್ಳಬೇಕು, ತಡೆದುಕೊಂಡೆ. ಮಗುವನ್ನು ನನ್ನ ಕೈಗೆ ಕೊಡಲು ಮಗಳು ಮುಂದೆ ಬರುತ್ತಿದ್ದಳು. ಎಲ್ಲರ ಕಣ್ಣೂ ಮಗುವಿನ ಮೇಲಿತ್ತು, ಅಷ್ಟರಲ್ಲಿ ಇವರು ಹಿಂದಿನಿಂದ ಹೊಡೆದರು, ಕಂಡದ್ದು ನನಗೊಬ್ಬಳಿಗೇ. ಇನ್ನು ಹತ್ತು ಹೆಜ್ಜೆ ಆಗಿದ್ದರೆ ಮಗು ನನ್ನ ತೊಡೆಯ ಮೇಲಿರುತ್ತಿತ್ತು. ಇದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ.

ಎಡಗೈ ಮಣಿಕಟ್ಟು ಮುರಿಯಿತು. ಈಗಲೂ ಸೊಟ್ಟ, ರೊಟ್ಟಿ ತಟ್ಟುವಾಗ ಗೊತ್ತಾಗುತ್ತದೆ. ಅದಕ್ಕೆ ನಾನು ಸಿಟ್ಟಾಗಿಲ್ಲ, ಮೂಳೆ ಅಂದ ಮೇಲೆ ಮುರಿಯುತ್ತದೆ. ಸಿಟ್ಟು ಬಂದದ್ದು ಆಮೇಲಿನ ಮಾತಿಗೆ. ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಅದರಲ್ಲಿ ನಾನು ಬೀಳುವುದು ಕಾಣುತ್ತದೆ, ಹೊಡೆದ ಕೈ ಕಾಣುವುದಿಲ್ಲ. ಅದು ಜಗಳೂರಿನ ತನಕ ಎಲ್ಲರ ಫೋನಿಗೂ ಹೋಯಿತು. "ಏನಕ್ಕಾ, ಯುದ್ಧಕ್ಕೆ ಹೊಂಟಿದ್ಯಾ? ಒಂದು ಕತ್ತಿನೂ ತಗಂಡು ಹೋಗಬೇಕಿತ್ತು" ಎಂದು ನನ್ನ ತಮ್ಮನೇ ಫೋನು ಮಾಡಿ ನಕ್ಕ. ನಗಲಿ. ಆದರೆ ಬೀಗರು ಬಂದವರಿಗೆಲ್ಲ ಹೇಳತೊಡಗಿದರು: "ಕುದುರೆಗೆ ಕಣ್ಣೀರು ಸುಳಿ ಐತೆ ಕಣ್ರೀ. ನಾನು ನೋಡಿರಲಿಲ್ಲ. ಅದಕ್ಕೇ ಹಂಗೆ ಬೆದರಿದ್ದು."

ದನಕ್ಕಾಗಲಿ ಕುದುರೆಗಾಗಲಿ ಕೂದಲು ಸುತ್ತಿಕೊಂಡ ಜಾಗಕ್ಕೆ ಸುಳಿ ಅನ್ನುತ್ತೇವೆ. ನಮ್ಮ ಕಡೆ ಸುಳಿ ನೋಡದೆ ಎತ್ತು ಕೊಳ್ಳುವುದಿಲ್ಲ. ಕಣ್ಣಿನ ಕೆಳಗೆ ಸುಳಿಯಿದ್ದರೆ ಮನೆಯವರು ಅಳುತ್ತಾರೆ ಎಂದು ನಂಬಿಕೆ. ಮೊದಮೊದಲು ಸುಳಿ ಕುದುರೆಯ ಮೇಲಿತ್ತು. ಎರಡು ತಿಂಗಳಲ್ಲಿ ಅದು ಜಾಗ ಬದಲಿಸಿತು. ಹಾಲು ಉಕ್ಕಿ ಹೋದರೆ, ಮಿಕ್ಸಿ ಕೆಟ್ಟರೆ, ಬೀಗರು ನನ್ನ ಮಗಳಿಗೆ ಹೇಳುವುದು ಒಂದೇ ಮಾತು: "ಸುಳಿ ಕುದುರೆಗಲ್ಲಮ್ಮ, ನಿಮ್ಮವ್ವನ ನೆತ್ತಿ ಮ್ಯಾಲೆ ಐತೆ. ನಿನಗೂ ಒಂದು ಬಂದಿರಬೇಕು." ಅವರಿಗದು ತಮಾಷೆ. ಮಗಳು ಫೋನಿನಲ್ಲಿ ಮೊದಲು ನಗುತ್ತಾ ಹೇಳುತ್ತಿದ್ದಳು. ಆಮೇಲೆ ಅಳುತ್ತಾ ಹೇಳಿದಳು. ಕೊನೆಗೆ ಹೇಳುವುದನ್ನೇ ಬಿಟ್ಟಳು. ಅವಳು ಬಿಟ್ಟ ದಿನ ನಾನು ತೀರ್ಮಾನ ಮಾಡಿದೆ: ಅದೇ ಅಂಗಳದಲ್ಲಿ, ಅದೇ ಜನರ ಮುಂದೆ, 'ಹೊಡೆದದ್ದು ನಾನು' ಎಂದು ಅವರ ಬಾಯಿಂದಲೇ ಹೊರಡಿಸಬೇಕು. ಅದಕ್ಕೆ ಮೊದಲು ನಾನು ಆ ಕುದುರೆಯ ಮೇಲೆ ಬೀಳದೆ ಕೂರಬೇಕು.

ಹೊನ್ನಾಳಿಯಲ್ಲಿ ಒಬ್ಬ ಸಾಹೇಬರಿದ್ದಾರೆ. ಅವರ ತಂದೆ ಜಟಕಾ ಹೊಡೆಯುತ್ತಿದ್ದರಂತೆ, ಇವರು ಮದುವೆ ಮೆರವಣಿಗೆಗೆ ಎರಡು ಕುದುರೆ ಸಾಕಿದ್ದಾರೆ. ಮನೆ ಹುಡುಕಿಕೊಂಡು ಹೋಗಿ, "ನನಗೆ ಕುದುರೆ ಹತ್ತಾಕೆ ಕಲಿಸ್ರೀ" ಅಂದೆ. ಅವರು ನನ್ನ ಹಿಂದೆ ಯಾರಾದರೂ ಬಂದಿದ್ದಾರೇನೋ ಎಂದು ನೋಡಿದರು.

"ಯಾರಿಗಕ್ಕಾ? ಮೊಮ್ಮಕ್ಕಳಿಗಾ?"

"ನನಗೇ."

"ವಯಸ್ಸೆಷ್ಟು?"

"ಕುದುರೆ ಕೇಳತೈತೇನು ವಯಸ್ಸು?"

"ಕುದುರೆ ಕೇಳಲ್ಲಕ್ಕಾ, ಸೊಂಟ ಕೇಳತೈತೆ."

ಆದರೂ ಒಪ್ಪಿದರು. ಒಂದು ತಿಂಗಳು ಹತ್ತಿಸುವುದಿಲ್ಲ, ಬರೀ ಚಾಕರಿ ಅಂದರು. ಲಾಯ ಗುಡಿಸು, ಲದ್ದಿ ಎತ್ತು, ಮೈ ಉಜ್ಜು, ಗೊರಸು ಕೆರೆ, ಹುರುಳಿ ನೆನೆಹಾಕು. ಸಗಣಿ ಎತ್ತಿ ಬೆಳೆದವಳಿಗೆ ಇದೇನು ದೊಡ್ಡದು? ಮನೆಯಲ್ಲಿ ಮಾತ್ರ, ಹೊನ್ನಾಳಿಯಲ್ಲಿ ಕೈಗೆ ಎಣ್ಣೆ ತಿಕ್ಕಿಸಿಕೊಂಡು ಬರುತ್ತೇನೆ ಎಂದು ಹೇಳಿದ್ದೆ. ವಾರಕ್ಕೆ ಮೂರು ದಿನ ಬೆಳಗಿನ ಬಸ್ಸು. ಎರಡನೇ ವಾರಕ್ಕೇ ಸೊಸೆ ಮೂಗು ಮುಚ್ಚಿಕೊಂಡು, "ಅತ್ತೇ, ಇದು ಯಾವ ಎಣ್ಣೆನೋ ಗೊತ್ತಿಲ್ಲ, ಆದ್ರೆ ಇದಕ್ಕೆ ನಾಲ್ಕು ಕಾಲೈತೆ" ಅಂದಳು. ಆಮೇಲೆ ನಾನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಬಸ್ಸಿಳಿದ ತಕ್ಷಣ ಬಚ್ಚಲಿಗೆ ಹೋಗಬೇಕೆಂದು ಮಾತ್ರ ಕಟ್ಟಪ್ಪಣೆ ಮಾಡಿದಳು.

ಚಾಕರಿ ಸುಲಭ ಅಂದುಕೊಂಡೆನಲ್ಲ, ಅಲ್ಲೇ ತಪ್ಪಿದ್ದು. ಮೂರನೇ ವಾರ ಶುಕ್ರವಾರ, ಸಾಹೇಬರು ನಮಾಜಿಗೆ ಹೋಗಿದ್ದರು. ಬಿಳಿ ಕುದುರೆ ಒಂದು ಹಿಂಗಾಲು ಮಡಚಿಕೊಂಡು, ತುಟಿ ಜೋತು ಬಿಟ್ಟು ನಿಂತಿತ್ತು. ಮಲಗಿರಲಿಲ್ಲ, ಮೇಯುತ್ತಿರಲಿಲ್ಲ. ಮುಖ್ಯವಾಗಿ, ಮೆಲುಕು ಹಾಕುತ್ತಿರಲಿಲ್ಲ. ನಾನು ಬೆಳಗಿನಿಂದ ಗಮನಿಸಿದ್ದೆ. ನಮ್ಮ ಮನೆಯಲ್ಲಿ ಎಮ್ಮೆ ಮೆಲುಕು ಬಿಟ್ಟಿತೆಂದರೆ ಹೊಟ್ಟೆ ಕೆಟ್ಟಿದೆ ಎಂದೇ ಲೆಕ್ಕ. ಓಮ, ಬೆಲ್ಲ, ಎಣ್ಣೆ ಕುದಿಸಿ, ಬಿದಿರಿನ ಗೊಟ್ಟದಲ್ಲಿ ತುಂಬಿ, ಮೂತಿ ಮೇಲೆತ್ತಿ ಗಂಟಲಿಗೆ ಹೊಯ್ಯುತ್ತೇವೆ. ಜೀವಮಾನದಲ್ಲಿ ಎಷ್ಟು ಎಮ್ಮೆಗೆ ಹೊಯ್ದಿದ್ದೇನೋ. ಸಾಹೇಬರ ಹೆಂಡತಿಯ ಹತ್ತಿರ, ಯಾತಕ್ಕೆ ಎಂದು ಹೇಳದೆ, ಓಮವನ್ನೂ ಎಣ್ಣೆಯನ್ನೂ ಇಸಿದುಕೊಂಡೆ. ಗೊಟ್ಟ ಇರಲಿಲ್ಲ, ಬಾಟಲಿಗೆ ತುಂಬಿದೆ. ಕುದುರೆಯ ಮೂತಿ ಎತ್ತಿ ಬಾಟಲಿಯನ್ನು ತುಟಿಯ ಸಂದಿಗೆ ಇಟ್ಟಿದ್ದೆ. ಕಿಟಕಿಯಿಂದ ಆಯಮ್ಮ ಇಟ್ಟ ಕೂಗಿಗೆ ಬಾಟಲಿ ನನ್ನ ಕಾಲ ಮೇಲೆ ಬಿತ್ತು.

ಸಾಹೇಬರು ಬಂದಾಗ ಆಯಮ್ಮ ಹೇಳುವುದಕ್ಕೆ ಮೊದಲೇ ನಾನು ಹೇಳಿದೆ: "ನಾನೇ. ಮೆಲುಕು ಹಾಕ್ತಿಲ್ಲ ಅಂತ ಔಷಧಿ ಹೊಯ್ಯಾಕೆ ಹೋಗಿದ್ದೆ. ಬಾಯೊಳಕ್ಕೆ ಒಂದು ಹನಿನೂ ಹೋಗಿಲ್ಲ."

ಅವರು ಕುದುರೆಯ ಬಾಯಿ, ಮೂಗು ಎಲ್ಲ ನೋಡಿದರು. ಆಮೇಲೆ ಕಟ್ಟೆಯ ಮೇಲೆ ಕೂತು ನಗಬೇಕೋ ಬಯ್ಯಬೇಕೋ ಗೊತ್ತಾಗದೆ ಗಡ್ಡ ಕೆರೆದುಕೊಂಡರು.

"ಅಕ್ಕಾ, ಇದು ಎಮ್ಮೆ ಅಲ್ಲ. ಇದರಪ್ಪ ಮೆಲುಕು ಹಾಕಿಲ್ಲ, ಅವರಪ್ಪನೂ ಹಾಕಿಲ್ಲ. ಇದು ನಿಂತ್ಕಂಡೇ ನಿದ್ದೆ ಮಾಡತೈತೆ. ಒಳಗೆ ಹೋಗಿದ್ದನ್ನ ವಾಂತಿ ಮಾಡಾಕೂ ಬರಲ್ಲ ಇದಕ್ಕೆ. ನೀವು ಹೊಯ್ದಿದ್ದು ಉಸಿರಿನ ದಾರಿಗೆ ಹೋಗಿದ್ರೆ ಸತ್ತೇ ಹೋಗ್ತಿತ್ತು. ಮಲಗಿರೋ ಮನುಷ್ಯನ್ನ ಎಬ್ಬಿಸಿ ಸಾಯಿಸ್ದಂಗೆ."

ಒಂದು ವಾರ ಕುದುರೆ ಮುಟ್ಟಬೇಡಿ, ದೂರ ಕೂತು ನೋಡಿ ಅಂದರು. ಕೂತೆ, ನೋಡಿದೆ. ಕಿವಿ ಹಿಂದಕ್ಕೆ ಮಡಚಿದರೆ ಸಿಟ್ಟು. ಹೊಟ್ಟೆನೋವು ಬಂದರೆ ತಿರುಗಿ ತಿರುಗಿ ತನ್ನ ಪಕ್ಕೆಯನ್ನೇ ನೋಡಿಕೊಳ್ಳುತ್ತದೆ. ಜೀನು ಬಿಗಿಯುವಾಗ ಹೊಟ್ಟೆ ಉಬ್ಬಿಸಿ ಮೋಸ ಮಾಡುತ್ತದೆ, ನಾಲ್ಕು ಹೆಜ್ಜೆ ನಡೆಸಿ ಇನ್ನೊಮ್ಮೆ ಬಿಗಿಯಬೇಕು. ಬೀಗರ ಮನೆಯಲ್ಲಿ ಯಾರೂ ಎರಡನೇ ಸಲ ಬಿಗಿದಿರಲಿಲ್ಲ, ಅದನ್ನೂ ಲೆಕ್ಕಕ್ಕೆ ಇಟ್ಟುಕೊಂಡೆ. ಆ ವಾರ ಪೂರ್ತಿ ನಾನು ಯೋಚಿಸಿದ್ದು ಇನ್ನೊಂದು. ತಪ್ಪು ನಾನೂ ಮಾಡಿದೆ, ಬೀಗರ ತಪ್ಪಿಗಿಂತ ದೊಡ್ಡದೇ. 'ನಾನೇ' ಎಂದು ಹೇಳುವುದಕ್ಕೆ ನನಗೆ ಹಿಡಿದದ್ದು ಒಂದು ಉಸಿರು. ಅಷ್ಟು ದೊಡ್ಡ ಮನುಷ್ಯನಿಗೆ ಆ ಒಂದು ಉಸಿರಿಗೆ ಇನ್ನೆಷ್ಟು ತಿಂಗಳು ಬೇಕು?

ಕೊನೆಗೊಂದು ದಿನ ಹತ್ತಿಸಿದರು. ಸೀರೆಯಲ್ಲಿ ಹತ್ತುವುದು ಹೇಗೆಂದು ಸಾಹೇಬರಿಗೆ ಚಿಂತೆ. ಜಗಳೂರು ಕಡೆ ಹೊಲದಲ್ಲಿ ಶೇಂಗಾ ಕೀಳುವಾಗ ನನ್ನ ತಾಯಿ ಕಚ್ಚೆ ಹಾಕುತ್ತಿದ್ದಳು. ಅದೇ ಕಚ್ಚೆ ನಾನೂ ಹಾಕಿ ಬಂದೆ. ಒರಳುಕಲ್ಲಿನ ಮೇಲೆ ನಿಂತು ಜೀನಿನಿಂದ ಜೋತ ರಿಕಾಪಿನ ಬಳೆಯೊಳಗೆ ಎಡಗಾಲು ಇಟ್ಟು ಹತ್ತಿದೆ. ಮೇಲಿನಿಂದ ನೋಡಿದರೆ ನೆಲ ಬಾವಿಯ ತಳದ ಹಾಗೆ ಕಾಣಿಸಿತು. ತೊಡೆಯನ್ನು ಬಿಗಿಯಾಗಿ ಒತ್ತಿದೆ. ಕುದುರೆ ಕಿವಿ ಹಿಂದಕ್ಕೆ ಹಾಕಿ ಕಾಲು ಕುಟ್ಟಿತು.

"ಅಕ್ಕಾ, ಯಾರ ಮ್ಯಾಲೆ ಸಿಟ್ಟು?" ಎಂದು ಕೇಳಿದರು ಸಾಹೇಬರು.

ಹೇಳಿದೆ. ಎಲ್ಲವನ್ನೂ ಹೇಳಿದೆ, ಕಣ್ಣೀರು ಸುಳಿಯ ಕಥೆಯನ್ನೂ ಸೇರಿಸಿ.

"ನಲವತ್ತು ವರ್ಷದಿಂದ ಕುದುರೆ ಸಾಕ್ತಿದೀನಿ. ಸುಳಿ ಯಾರನ್ನೂ ಕೆಡವಿದ್ದು ನೋಡಿಲ್ಲ. ಕೈ ಕೆಡವಿದ್ದು ನೋಡಿದೀನಿ," ಅಂದರು. "ಆದ್ರೆ ಆ ಸಿಟ್ಟು ಇಳಿಸಿ ಹತ್ರೀ. ಇದಕ್ಕೆ ನಿಮ್ಮ ತೊಡೆಯಿಂದ ಗೊತ್ತಾಗತೈತೆ."

ಸಿಟ್ಟು ಇಳಿಯಲಿಲ್ಲ. ಇಳಿಸುವ ಮನಸ್ಸೂ ನನಗಿರಲಿಲ್ಲ, ಅದಿಲ್ಲದಿದ್ದರೆ ಹೊನ್ನಾಳಿಗೆ ಯಾಕೆ ಬರುತ್ತಿದ್ದೆ? ಅದನ್ನು ಸೊಂಟದಿಂದ ಮೇಲೆ ಇಟ್ಟುಕೊಳ್ಳುವುದನ್ನು ಕಲಿತೆ. ಕೆಳಗಿನದು ಕುದುರೆಗೆ, ಮೇಲಿನದು ಬೀಗರಿಗೆ. ಎರಡು ಸಲ ಬಿದ್ದೆ, ಎರಡು ಸಲವೂ ನನ್ನ ತಪ್ಪಿಗೇ ಬಿದ್ದೆ. ತೊಡೆಯ ಒಳಗಿನ ಚರ್ಮ ಸುಲಿದು, ಬಸ್ಸಿನಲ್ಲಿ ಸೀಟಿದ್ದರೂ ನಿಂತೇ ಬರುತ್ತಿದ್ದೆ. ಮಳೆಗಾಲ ಮುಗಿಯುವ ಹೊತ್ತಿಗೆ ಸಣ್ಣ ಓಟದಲ್ಲೂ ಕೂತೆ. ಸಾಹೇಬರು ಹೊಗಳುವವರಲ್ಲ. "ಈಗ ಮೂಟೆ ಥರ ಇಲ್ಲಕ್ಕಾ" ಅಂದರು. ಅಷ್ಟು ಸಾಕಾಯಿತು.

ಕಿವಿ ಚುಚ್ಚಿ ಹತ್ತು ತಿಂಗಳಾಗಿತ್ತು. ಬೀಗರು ಅಡಿಕೆ ಸುಲಿಯುವ ಮಿಷನ್ನಿಗೆ ಹೊಸ ಶೆಡ್ಡು ಹಾಕಿಸಿ ಪೂಜೆಗೆ ಕರೆದರು. ಅವತ್ತು ನಕ್ಕವರೆಲ್ಲ ಬಂದಿದ್ದರು, ನನ್ನ ತಮ್ಮನೂ ಬಂದಿದ್ದ. ನಾನು ಚೀಲದಲ್ಲಿ ಗೊರಸು ಕೆರೆಯುವ ಕೊಕ್ಕೆಯನ್ನು ಸೀರೆಯ ಮಡಿಕೆಯೊಳಗೆ ಸುತ್ತಿಟ್ಟುಕೊಂಡು ಹೋಗಿದ್ದೆ.

ಮಾತು ಹೇಗೆ ತೆಗೆಯುವುದೆಂದು ದಾರಿಯುದ್ದಕ್ಕೂ ಯೋಚಿಸಿದ್ದು ದಂಡವಾಯಿತು. ಊಟ ಮಾಡಿ ಎಲ್ಲರೂ ಅದೇ ಅಂಗಳದ ಅಡಿಕೆ ಕಣದಲ್ಲಿ ಕೂತು ಎಲೆ ಅಡಿಕೆ ಹಾಕುತ್ತಿದ್ದಾಗ ಬೀಗರೇ ಶುರು ಮಾಡಿದರು.

"ಏನ್ ಬೀಗಿತ್ತೇರೇ, ಇವತ್ತೂ ಕುದುರೆ ಹತ್ತತೀರೇನು? ಈ ಸಲ ಕೆಳಗೆ ಹಾಸಿಗೆ ಹಾಸ್ತೀವಿ."

ಕಣ ಪೂರ್ತಿ ನಕ್ಕಿತು.

"ಹತ್ತತೀನಿ," ಅಂದೆ.

ಇನ್ನೂ ನಗುತ್ತಿದ್ದರು. ನಾನು ಎದ್ದು, ಕೋಣೆಗೆ ಹೋಗಿ ಕಚ್ಚೆ ಹಾಕಿಕೊಂಡು ಬಂದಾಗ ನಗು ಅರ್ಧ ನಿಂತಿತು. ಮಗಳು ಓಡಿಬಂದು, "ಅವ್ವಾ, ಸುಮ್ನೆ ಕುಂತ್ಕೋ, ನಿನ್ನ ಕಾಲಿಗೆ ಬೀಳ್ತೀನಿ" ಅಂದಳು. ಕಾಲು ಬಿಡಿಸಿಕೊಂಡೆ.

ಕುದುರೆಯ ಎದುರಿನಿಂದ, ಎಡಗಡೆಗೆ ಹೋದೆ. ಕೈ ಮೂಸಲು ಕೊಟ್ಟೆ. ಪಕ್ಕೆಲುಬು ಕಾಣುತ್ತಿದ್ದವು, ಬಾಲದಲ್ಲಿ ಲದ್ದಿ ಒಣಗಿತ್ತು. ಕಾಲೆತ್ತಿ ಗೊರಸು ಕೆರೆದರೆ ಮುಂಗಾಲಿನಿಂದ ಹುಣಸೆಬೀಜದಷ್ಟು ಕಲ್ಲು ಬಿತ್ತು. ಅದನ್ನು ಎತ್ತಿ ಎಲ್ಲರಿಗೂ ತೋರಿಸಿ ಬೀಗರ ತಟ್ಟೆಯಲ್ಲಿ, ಎಲೆ ಅಡಿಕೆಯ ಪಕ್ಕ ಇಟ್ಟೆ. ಜೀನು ಬಿಗಿದೆ, ನಡೆಸಿದೆ, ಇನ್ನೊಮ್ಮೆ ಬಿಗಿದೆ. ಕಟ್ಟೆಯ ಮೇಲಿನಿಂದ ಹತ್ತಿ ಕೂತೆ. ಕಣವನ್ನು ಮೂರು ಸುತ್ತು ಹಾಕಿದೆ, ಎರಡು ನಡಿಗೆಯಲ್ಲಿ, ಒಂದು ಸಣ್ಣ ಓಟದಲ್ಲಿ. ನನ್ನ ತಮ್ಮನ ಬಾಯಲ್ಲಿದ್ದ ಎಲೆ ಹಾಗೇ ಇತ್ತು.

ಇಳಿದು ಲಗಾಮು ಬೀಗರ ಮುಂದೆ ಹಿಡಿದೆ. "ಈಗ ನೀವು ಹತ್ರೀ."

"ನನಗ್ಯಾಕ್ರೀ? ಈಗ ತಾನೇ ಊಟ ಆಗೈತೆ."

"ನಂದೂ ಆಗೈತೆ."

ಅವರ ದಾಯಾದಿ ಅಣ್ಣನೊಬ್ಬರು ಹಲ್ಲಿಲ್ಲದ ಬಾಯಲ್ಲಿ, "ಹೆಣ್ಣು ಕೊಟ್ಟೋರು ಹತ್ತಿದ ಮ್ಯಾಲೆ ಗಂಡಿನ ಕಡೆಯೋರು ಹತ್ತದಿದ್ರೆ ಹೆಂಗೋ? ನಿನ್ನ ಕುದುರೆ, ನಿನ್ನ ಕಣ" ಅಂದರು. ಆಮೇಲೆ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ. ಇಬ್ಬರು ಕೆಳಗಿನಿಂದ ನೂಕಿ ಹತ್ತಿಸಿದರು. ಬಿಳಿ ಪಂಚೆ ಮೊಣಕಾಲಿನ ಮೇಲೆ ಬಂದಿತ್ತು. ಲಗಾಮು ಬಿಟ್ಟು ಎರಡು ಕೈಯಲ್ಲೂ ಕುದುರೆಯ ಕತ್ತಿನ ಕೂದಲು ಹಿಡಿದುಕೊಂಡರು.

ನಾನು ನಿಧಾನಕ್ಕೆ ಹಿಂದೆ ಹೋದೆ. ಅವತ್ತು ಅವರು ನಿಂತಿದ್ದ ಕಡೆಗೇ, ಕುದುರೆಯ ಎಡಪಕ್ಕೆಯ ಹಿಂದೆ, ಒದೆ ತಾಗದಷ್ಟು ಓರೆಗೆ ನಿಂತೆ. ಕೈ ಎತ್ತಿದೆ.

ಅವರು ತಿರುಗಿ ನೋಡಿದರು.

"ಬ್ಯಾಡ್ರೀ! ಹೊಡೀಬ್ಯಾಡ್ರೀ! ಹೊಡದ್ರೆ ಕಿತ್ಕಂಡು ಓಡತೈತೆ!"

"ಓಡಿದ್ದು ಸುಳಿಯಿಂದ ಅಲ್ವೇನ್ರೀ ಬೀಗರೇ? ಹೊಡದ್ರೆ ಓಡತೈತೆ ಅಂತ ನಿಮಗೆ ಹೆಂಗೆ ಗೊತ್ತು?"

"ಕೈ ಇಳಿಸ್ರೀ ಮೊದ್ಲು!"

"ನನ್ನ ಕೈಗೇನು ನೋವಿಲ್ಲ. ಮುರಿದಿದ್ದು ಎಡಗೈ, ಇದು ಬಲಗೈ."

ಕುದುರೆ ಒಂದು ಹೆಜ್ಜೆ ಇಟ್ಟಿತು ಅಷ್ಟೇ.

"ನಾನೇ ಕಣ್ರೀ! ಅವತ್ತು ನಾನೇ ಹೊಡ್ದಿದ್ದು! ತಮಾಷೆಗೆ ಹೊಡದೆ! ಸುಳಿನೂ ಇಲ್ಲ, ಎಂಥದೂ ಇಲ್ಲ!"

"ಇನ್ನೊಂದ್ಸಲ ಹೇಳ್ರೀ. ಶೆಡ್ಡಿನ ಹತ್ರ ಕುಂತೋರಿಗೆ ಕೇಳಲಿಲ್ಲ."

ಇನ್ನೊಮ್ಮೆ ಹೇಳಿದರು. ಜೋರಾಗಿಯೇ ಹೇಳಿದರು. ಆಮೇಲೆ ಕೈ ಇಳಿಸಿದೆ.

ಹೇಳದೇ ಇದ್ದಿದ್ದರೆ ಹೊಡೆಯುತ್ತಿದ್ದಿರಾ ಎಂದು ಆಮೇಲೆ ಹೊನ್ನಾಳಿಯಲ್ಲಿ ಸಾಹೇಬರು ಕೇಳಿದರು. ಹೊಡೆಯುತ್ತಿದ್ದೆ. ಕುದುರೆಗೆ ಅನ್ಯಾಯವಾಗುತ್ತಿತ್ತು ಎನ್ನುವುದೊಂದೇ ಬೇಸರ. ಸಾಹೇಬರಿಗೆ ಈ ಉತ್ತರ ಹಿಡಿಸಲಿಲ್ಲ. ಹಿಡಿಸಲಿ ಎಂದು ನಾನು ಹೇಳಲೂ ಇಲ್ಲ.

ಕಣದಲ್ಲಿ ಜನ ಮತ್ತೆ ನಕ್ಕರು, ಈ ಸಲ ಬೇರೆ ಕಡೆ ತಿರುಗಿ ನಕ್ಕರು. ನನ್ನ ಪಾಲಿಗೆ ಇದು ಮುಗಿದಿತ್ತು. ಸಂಜೆ ಅಡಿಗೆಮನೆಯಲ್ಲಿ ಮಗಳು ಪಾತ್ರೆ ಕುಕ್ಕಿದಳು.

"ನೀನು ಗೆದ್ದೆ. ನಾಳೆ ಬಸ್ ಹತ್ತಿ ನ್ಯಾಮತಿಗೆ ಹೋಗ್ತೀಯ. ಈ ಮನೇಲಿ ಇರಬೇಕಾದೋಳು ನಾನು. ಅವರು ಮಧ್ಯಾಹ್ನದಿಂದ ಒಂದು ಮಾತಾಡಿಲ್ಲ."

"ಸುಳಿ ಅಂತ ಮಾತಾಡೋದಕ್ಕಿಂತ ಸುಮ್ಮನಿರೋದು ಮೇಲು."

"ಇವತ್ತು ಸುಮ್ಮನಿದಾರೆ. ನೀನು ಹೋದ ಮ್ಯಾಲೆ?"

ಅಷ್ಟು ತಿಂಗಳು ಕುದುರೆಯ ಪ್ರತಿ ಕಾಲಿನ ಲೆಕ್ಕ ಹಾಕಿದವಳು ಇದೊಂದನ್ನು ಯೋಚಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸು ಬಿಟ್ಟೆ. ಬೀಗರು ಹಲ್ಲುಜ್ಜುತ್ತಿದ್ದರು. "ನಿಮ್ಮ ಕುದುರೆ ಮೈ ಉಜ್ಜಬೇಕು, ಬಂದು ಹಗ್ಗ ಹಿಡ್ಕಳ್ರೀ" ಅಂದೆ. ಬಾಯಿ ಮುಕ್ಕಳಿಸಿ ಬಂದು ಹಿಡಿದುಕೊಂಡರು. ಗೇಟಿನಾಚೆ ಹಾಲಿನ ಡೇರಿಗೆ ಹೋಗುವವರು ಕ್ಯಾನು ಹಿಡಿದು ನಿಧಾನವಾಗಿ ಹಾದು ಹೋದರು. ಇನ್ನು ಹದಿನೈದು ದಿನಕ್ಕೊಮ್ಮೆ ಕುದುರೆ ನೋಡಲು ಬರುತ್ತೇನೆ, ಈ ಮನೆಯಲ್ಲಿ ಸುಳಿ ಎನ್ನುವ ಮಾತು ಕಿವಿಗೆ ಬಿದ್ದರೆ ಡೇರಿ ಮುಂದೆಯೇ ನಿಮ್ಮನ್ನು ಹತ್ತಿಸುತ್ತೇನೆ ಎಂದೆ. ತಲೆ ಆಡಿಸಿದರು. ಮಗಳನ್ನು ಕರೆದೆ. ಒಲ್ಲೆ ಅಂದಳು. ಇನ್ನೊಮ್ಮೆ ಕರೆದೆ, ಬಂದಳು. ಅವಳ ಕೈ ಹಿಡಿದು ಕುದುರೆಯ ಕಣ್ಣಿನ ಕೆಳಗೆ ಆಡಿಸಿದೆ. ಕೂದಲು ನೇರವಾಗಿಯೇ ಇತ್ತು, ಹಗ್ಗ ಉಜ್ಜಿ ಆದ ಹಳೆಯ ಗಾಯದ ಗೀರೊಂದು ಕೈಗೆ ಸಿಕ್ಕಿತು. ಅವಳು ಮಾವನ ಮುಖ ನೋಡಿದಳು. ಅವರು ಹಗ್ಗ ನೋಡಿದರು.

ಆಮೇಲೆ ಎಡ ಮುಂಗಾಲು ಎತ್ತುವುದನ್ನು ತೋರಿಸಿ, ಕೊಕ್ಕೆ ಅವಳ ಕೈಗೆ ಕೊಟ್ಟೆ.